ಹತ್ತೊಂಬತ್ತೇ ಬಿರುಕು

ನಮ್ಮತ್ತೆ ದೊಡ್ಡಕ್ಕ ಕ್ರೇನಿಗೆ ವಿಭೂತಿ ಕಲಸುವಾಗ ತೋರಿಸುವ ಮುತುವರ್ಜಿಯಲ್ಲಿ ಕಾಲು ಭಾಗವನ್ನು ಸೊಸೆಗೆ ಸಾರು ಬಡಿಸುವಾಗ ತೋರಿಸಿದ್ದರೆ ನಾನು ಈ ಹೊತ್ತಿಗೆ ಇನ್ನೊಂದು ಸುತ್ತು ದಪ್ಪ ಆಗಿರುತ್ತಿದ್ದೆ. ವಿಭೂತಿ ಗಟ್ಟಿಯನ್ನು ಪುಡಿ ಮಾಡಬೇಕು, ಚಿಟಿಕೆ ಸುಣ್ಣ ಹಾಕಬೇಕು, ಮೇಲೆ ಅನ್ನ ಬಸಿದ ಗಂಜಿ. ಬರೀ ನೀರಲ್ಲಿ ಕಲಸಿದರೆ ಬೆಳಗಿನ ಇಬ್ಬನಿಗೇ ಕರಗಿ ಹೋಗುತ್ತದೆ, ದೇವರ ಕೆಲಸ ಅಂದ ಮೇಲೆ ಮುಂದಿನ ಅಮಾವಾಸ್ಯೆವರೆಗಾದರೂ ನಿಲ್ಲಬೇಡವೇ ಎಂದು ಅವಳ ವಾದ. ಗಂಜಿ ಬೆರೆತ ವಿಭೂತಿ ಒಣಗಿದರೆ ಮೊಟ್ಟೆಯ ಸಿಪ್ಪೆ ಹಾಗೆ ಗಡುಸಾಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ಉಗುರಲ್ಲಿ ಕೆರೆದರೂ ಬರುವುದಿಲ್ಲ.

ನಾವು ಬಾವಿ ಆಳ ಮಾಡುವ ಜನ. ಊರು ಜಗಳೂರಿನ ಹತ್ತಿರ. ಹಳೇ ಬಾವಿ ಎಲ್ಲೆಲ್ಲಿ ಇದೆಯೋ ಅಲ್ಲಿಗೆ ಕ್ರೇನನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಹೋಗುತ್ತೇವೆ. ಈ ಸಲ ಹೋದದ್ದು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಹತ್ತಿರ, ಹಾಲೇಶಪ್ಪನವರ ಜಮೀನಿಗೆ. ಬಾವಿ ಅರವತ್ತು ಅಡಿ ಇತ್ತು, ಇನ್ನು ಹದಿನೈದು ಅಡಿ ಬಂಡೆ ಒಡೆದು ಇಳಿಸಬೇಕು. ಕೆಳಗಿಳಿದು ಬಂಡೆ ಒಡೆಯುವವನು ನನ್ನ ಗಂಡ ಮಾರುತಿ, ಜೊತೆಗೆ ಅವನ ಚಿಕ್ಕಪ್ಪನ ಮಗ. ಮೇಲೆ ಇಂಜಿನ್ನು ಮತ್ತು ಬ್ರೇಕು ನನ್ನ ಮಾವ ಬೈಲಪ್ಪನ ಕೈಯಲ್ಲಿ, ಅವನೇ ಮೇಸ್ತ್ರಿ. ಮೇಲೆ ಬಂದ ಬಕೆಟ್ಟನ್ನು ಮಗುಚಿ ಕಲ್ಲು ಸಾಗಿಸುವುದು ಅತ್ತೆ ಮತ್ತು ನಾನು.

ಕ್ರೇನು ಅಂದ ತಕ್ಷಣ ಏನೇನೋ ಕಲ್ಪಿಸಿಕೊಳ್ಳಬೇಡಿ. ಬಾವಿಯ ಅಂಚಿನಲ್ಲಿ ಒಂದು ಕಬ್ಬಿಣದ ಕಂಬ, ಅದರಿಂದ ಬಾವಿಯ ಮೇಲಕ್ಕೆ ಚಾಚಿದ ಒಂದು ತೋಳು, ತೋಳಿನ ತುದಿಯ ರಾಟೆಯಿಂದ ಇಳಿಬಿದ್ದ ಕಬ್ಬಿಣದ ಹಗ್ಗ, ಹಗ್ಗಕ್ಕೆ ಬಕೆಟ್ಟು. ಇಷ್ಟೇ. ಭಾರಕ್ಕೆ ಕಂಬ ಬಾವಿಯೊಳಗೆ ಮುಗ್ಗರಿಸದಂತೆ ಹಿಂದಿನಿಂದ ಹಿಡಿದುಕೊಂಡಿರುವುದು ಒಂದು ಪಟ್ಟಿ. ನಾಲ್ಕು ಬೆರಳಗಲದ ಕಬ್ಬಿಣದ ಪಟ್ಟಿ, ಕಂಬದ ನೆತ್ತಿಯಿಂದ ಓರೆಯಾಗಿ ಇಳಿದು ನೆಲದಲ್ಲಿ ಹೂತ ಬಂಡೆಗೆ ಬಿಗಿದಿರುತ್ತದೆ. ಕೆಳಗಿರುವವರ ಜೀವವೆಲ್ಲ ಆ ನಾಲ್ಕು ಬೆರಳಿನಲ್ಲಿ. ಅದಕ್ಕೇ ಅಮಾವಾಸ್ಯೆಯ ಪೂಜೆಯಲ್ಲಿ ಅತ್ತೆ ಮೊದಲು ಪಟ್ಟಿಗೇ ವಿಭೂತಿ ಹಚ್ಚುತ್ತಾಳೆ. ಅಡ್ಡ ಎಳೆಯಲು ಅಗಲ ಸಾಲದು, ಹಾಗಾಗಿ ಮೂರು ಬೆರಳನ್ನು ಉದ್ದಕ್ಕೆ ಒಂದು ಮೊಳದಷ್ಟು ಎಳೆದುಬಿಡುತ್ತಾಳೆ.

ಈ ಸಲ ಮಾವ ನ್ಯಾಮತಿಯಲ್ಲಿ ಹೊಸ ಬಕೆಟ್ಟು ಮಾಡಿಸಿಕೊಂಡು ಬಂದಿದ್ದ. ಹಳೆಯದಕ್ಕಿಂತ ಒಂದೂವರೆ ಪಟ್ಟು ದೊಡ್ಡದು. ಎರಡು ತಿಂಗಳ ಕೆಲಸ ಒಂದೂಕಾಲು ತಿಂಗಳಿಗೆ ಮುಗಿಯುತ್ತದೆ ಅಂತ ಲೆಕ್ಕ. ಬಕೆಟ್ಟು ಬದಲಾಯಿತು, ಪಟ್ಟಿ ಹಳೆಯದೇ ಉಳಿಯಿತು. ಅದನ್ನು ಆವತ್ತು ನಾನೂ ಕೇಳಲಿಲ್ಲ.

ಪೂಜೆಯಾದ ಮೂರನೆಯ ದಿನ, ಬುತ್ತಿ ಬಿಚ್ಚುವ ಹೊತ್ತಿನಲ್ಲಿ, ವಿಭೂತಿಯ ಮೇಲೆ ಒಂದು ಗೆರೆ ಕಂಡಿತು. ಮೂರೂ ಎಳೆಗಳನ್ನು ಸರಿಯಾಗಿ ನಡುವೆ ಅಡ್ಡ ಕೊಯ್ದ ಗೆರೆ. ಕೂದಲಿನಷ್ಟು ಸಣ್ಣದು.

"ಮಾವ, ಇಲ್ ನೋಡ್ರಿ. ವಿಭೂತಿ ಒಡದೈತೆ."

"ಬಿಸ್ಲಿಗೆ ಒಡದಿರ್ತೈತೆ ಬಿಡವ್ವ," ಅಂದ ಮಾವ, ಮುದ್ದೆಯಿಂದ ಕಣ್ಣೆತ್ತದೆ.

"ಬಿಸ್ಲಿಗಾದ್ರೆ ಕಂಬದ ಮೇಲಿಂದೂ ಒಡೀಬೇಕಿತ್ತಲ್ರಿ? ಅದು ಹಚ್ಚಿದಂಗೇ ಐತೆ. ಇಂಜಿನ್ ಮೇಲಿಂದೂ ಹಂಗೇ ಐತೆ. ಪಟ್ಟಿ ಮೇಲೆ ಮಾತ್ರ ಒಡದೈತೆ, ಅದೂ ಅಡ್ಡಕ್ಕೆ. ಪಟ್ಟಿ ಜಗ್ತಾ ಐತೆ ಮಾವ. ಕಬ್ಬಿಣ ಉದ್ದ ಆಗ್ತೈತೆ, ವಿಭೂತಿಗೆ ಉದ್ದ ಆಗಾಕೆ ಬರಲ್ಲ. ಅದಕ್ಕೇ ಒಡದೈತೆ."

ಅತ್ತೆಗೆ ಬೇರೆಯದೇ ಚಿಂತೆ. "ಮೈಲಿಗೆ ಆಗೈತೆ. ನೀನೇ ಚಪ್ಪಲಿ ಕಾಲಲ್ಲಿ ಹತ್ರ ಹೋಗಿರ್ತೀಯ. ಒಡೆದ ವಿಭೂತಿ ಇಟ್ಕಬಾರ್ದು, ಒರೆಸಿ ಬೇರೆ ಹಚ್ತೀನಿ ತಾಳು," ಅಂತ ಎದ್ದೇಬಿಟ್ಟಳು.

"ಬೇಡ ಅತ್ತೆ, ಒರೆಸಬೇಡ್ರಿ. ಒರೆಸಿದ್ರೆ ಜಗ್ತೈತೋ ಇಲ್ಲೋ ಗೊತ್ತಾಗಾಕೆ ಏನೂ ಉಳಿಯಲ್ಲ."

ನನ್ನ ಮಾವ ಮೊಂಡ, ಆದರೆ ದಡ್ಡನಲ್ಲ. ಊಟ ಮುಗಿಸಿ, ಕೈ ತೊಳೆದು, ಬಂದು ಪಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದ. ಆಮೇಲೆ ಅಂದ: "ಹೊಸ ಭಾರಕ್ಕೆ ಕಬ್ಬಿಣ ಸ್ವಲ್ಪ ಜಗ್ಗೇ ಜಗ್ತೈತೆ. ಜಗ್ಗಿ ಒಂದು ಹದಕ್ಕೆ ಕುಂದರ್ತೈತೆ. ಕುಂತ ಮೇಲೆ ನಿಲ್ತೈತೆ. ನಿನ್ ಕಣ್ಣು ಚುರುಕು. ದಿನಾ ಬೆಳಿಗ್ಗೆ ಎಣಿಸು. ಬಿರುಕು ಹೆಚ್ಚಾಗ್ತಾನೇ ಹೋದ್ರೆ ನಾನು ಹೊನ್ನಾಳಿಗೆ ಹೋಗಿ ದಪ್ಪನೆ ಹೊಸ ಪಟ್ಟಿ ತರ್ತೀನಿ. ನಿಂತ್ರೆ ನಿಂತೈತೆ ಅನ್ನು."

ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಮಾವ ನನ್ನ ಮಾತಿಗೆ ಒಂದು ಕೆಲಸವನ್ನು ಕಟ್ಟಿದ್ದು ಅದೇ ಮೊದಲು. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ಆ ರಾತ್ರಿ ಮಾರುತಿಗೆ ನಾಲ್ಕು ಸಲ ಹೇಳಿದೆ. ಅವನು, "ಆಯ್ತು ಕಣೇ ಇಂಜಿನಿಯರಮ್ಮ, ನಿದ್ದೆ ಮಾಡಾಕೆ ಬಿಡು," ಅಂತ ಆ ಕಡೆ ತಿರುಗಿಕೊಂಡ.

ನಾಲ್ಕನೆಯ ದಿನ ಮೂರು ಬಿರುಕು. ಐದನೆಯ ದಿನ ಏಳು. ಅವು ಹುಟ್ಟುವ ಕ್ರಮ ನೋಡಿದರೆ ಯಾರೋ ಅಳತೆಪಟ್ಟಿ ಹಿಡಿದು ಮಾಡಿದ ಹಾಗಿತ್ತು. ಎರಡು ಬಿರುಕಿನ ಮಧ್ಯೆ ಉಳಿದ ಉದ್ದ ತುಂಡು ಹೆಚ್ಚುಕಡಿಮೆ ನಟ್ಟನಡುವೆ ಒಡೆಯುತ್ತಿತ್ತು, ಆ ಅರ್ಧ ಮತ್ತೆ ಅರ್ಧವಾಗುತ್ತಿತ್ತು. ಬಕೆಟ್ಟು ಏಳುವಾಗ ಪಟ್ಟಿಯ ಹತ್ತಿರ ಕಿವಿ ಇಟ್ಟರೆ ಚಿಟ್ ಅಂತ ಒಂದು ಸದ್ದು ಕೇಳುತ್ತಿತ್ತು, ಇಂಜಿನ್ನಿನ ಗಲಾಟೆಯಲ್ಲೂ. ದಿನಾ ಬೆಳಿಗ್ಗೆ ಮೊಬೈಲಲ್ಲಿ ಫೋಟೋ ಹಿಡಿದು, ಬೆರಳಲ್ಲಿ ದೊಡ್ಡದು ಮಾಡಿ ಎಣಿಸುತ್ತಿದ್ದೆ. ಆರನೆಯ ದಿನ ಹದಿಮೂರು. ಏಳನೆಯ ದಿನ ಹದಿನೆಂಟು. ಮಾವ ಹೊನ್ನಾಳಿಗೆ ಹೋಗಲು ಅಂಗಿ ಒಗೆದು ಹಾಕಿದ.

ಎಂಟನೆಯ ದಿನ ಹತ್ತೊಂಬತ್ತು. ಒಂದೇ ಒಂದು ಹೆಚ್ಚು. ಒಂಬತ್ತನೆಯ ದಿನವೂ ಹತ್ತೊಂಬತ್ತೇ.

ಇಲ್ಲಿ ನನ್ನ ಹೊಟ್ಟೆಯೊಳಗಿನದನ್ನು ಹೇಳಲೇಬೇಕು. ನನ್ನ ಮಗಳು ಆರು ವರ್ಷದವಳು, ಊರಲ್ಲಿ ನಮ್ಮವ್ವನ ಹತ್ತಿರ ಇದ್ದಾಳೆ. ಆ ವಾರ ಫೋನಲ್ಲಿ ಮಾತಾಡುವಾಗ ಅವಳು ಅಜ್ಜಿಯನ್ನು ಅವ್ವ ಅಂದಳು, ನನ್ನನ್ನು ಸುನಿತಾ ಅಂದಳು. ನಮ್ಮವ್ವ ನಕ್ಕಳು. ನಾನೂ ನಕ್ಕೆ, ಫೋನ್ ಇಟ್ಟು ಕಲ್ಲಿನ ಗುಡ್ಡೆಯ ಹಿಂದೆ ಹೋಗಿ ಅತ್ತುಬಿಟ್ಟೆ. ಮಾವ ಹೊನ್ನಾಳಿಗೆ ಹೋದರೆ ಪಟ್ಟಿ ತರಲು ಒಂದು ದಿನ, ಕಂಬ ಇಳಿಸಿ ಮತ್ತೆ ನಿಲ್ಲಿಸಲು ಎರಡು ದಿನ, ಆಮೇಲೆ ಹಳೇ ಬಕೆಟ್ಟೇ ಸಾಕು ಅಂದರೆ ಇನ್ನೂ ಹದಿನೈದು ದಿನ. ಯುಗಾದಿಗೆ ಊರು ಸೇರುವ ಮಾತೇ ಇಲ್ಲ. ಬಿರುಕು ನಿಲ್ಲಲಿ ಅಂತ ನಾನು ಕಾಯುತ್ತಿದ್ದೆ. ಬೇಕು ಬೇಕು ಅಂತ ಕಾಯುವವರ ಕಣ್ಣಿಗೆ ಬೇಕಾದದ್ದೇ ಕಾಣುತ್ತದೆ.

ಹತ್ತನೆಯ ದಿನವೂ ಹತ್ತೊಂಬತ್ತು. "ನಿಂತೈತೆ ಮಾವ," ಅಂದೆ.

"ಮೂರು ದಿನದಿಂದ ಅಷ್ಟೇನಾ?"

"ಅಷ್ಟೇ. ಕೂದಲೆಳೆ ಹೆಚ್ಚಿಲ್ಲ."

"ನಾನ್ ಹೇಳ್ಲಿಲ್ವಾ? ಕುಂತೈತೆ," ಅಂದ ಮಾವ. ಒಗೆದ ಅಂಗಿಯನ್ನು ಮಡಚಿ ಚೀಲಕ್ಕೆ ಹಾಕಿದ. ಅತ್ತೆ ದೇವರು ಒಲಿದ ಅಂತ ತೆಂಗಿನಕಾಯಿ ಒಡೆದಳು. ನಾನು ಎರಡು ಹೋಳು ಕೊಬ್ಬರಿ ತಿಂದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಮಾರುತಿಯ ಚಿಕ್ಕಪ್ಪನ ಮಗನಿಗೆ ಜ್ವರ. ಅವನನ್ನು ಬಸ್ಸಿಗೆ ಹತ್ತಿಸಿ ಊರಿಗೆ ಕಳಿಸಿ, ಅವನ ಬದಲಿಗೆ ಮಾವ ಅಲ್ಲಿಯವನೇ ಆದ ಪರಮೇಶನನ್ನು ಕರೆದ. ಮೂವತ್ತೈದರ ಆಳು, ಗಟ್ಟಿ ಮೈ, ಗದ್ದೆ ಕೆಲಸ, ಅಡಿಕೆ ಸುಲಿಯುವ ಕೆಲಸ ಎಲ್ಲ ಮಾಡಿದವನು. ಬಾವಿಯೊಳಗೆ ಮಾತ್ರ ಒಂದು ದಿನವೂ ಇಳಿದವನಲ್ಲ. ಕಲ್ಲು ತುಂಬಲು ಏನು ವಿದ್ಯೆ ಬೇಕು, ಮಾರುತಿ ಹೇಳಿದ ಹಾಗೆ ಮಾಡಿದರೆ ಸಾಕು ಅಂದ ಮಾವ.

ಪರಮೇಶ ಬರುವ ಮೊದಲೇ ನಾನು ಪಟ್ಟಿ ನೋಡಿದ್ದೆ. ಹತ್ತೊಂಬತ್ತೇ. ಆದರೆ ತುಂಡುಗಳ ಅಂಚು ಎದ್ದಿತ್ತು. ಒಣಗಿದ ಕೆರೆಯ ಮಣ್ಣು ಎದ್ದ ಹಾಗೆ, ಸ್ವಲ್ಪವೇ ಸ್ವಲ್ಪ. ಬೆರಳು ಇಟ್ಟೆ. ಉಗುರಲ್ಲಿ ಕೆರೆದರೂ ಬಾರದ ವಿಭೂತಿಯ ಒಂದು ಚೂರು ಬೆರಳಿಗೆ ಅಂಟಿಕೊಂಡು ಬಂತು. ಹಿಂದೆ ಮುಂದೆ ನೋಡಿದೆ, ಯಾರೂ ಇರಲಿಲ್ಲ. ಬೆರಳನ್ನು ಸೀರೆಗೆ ಒರೆಸಿಕೊಂಡೆ.

ಅಷ್ಟರಲ್ಲಿ ಪರಮೇಶನ ಹೆಂಡತಿ ಕರಿಬಸಮ್ಮ ಬಂದಳು. ನಾವು ಬಂದಾಗಿನಿಂದ ನಮಗೆ ಮಜ್ಜಿಗೆ ತಂದುಕೊಡುತ್ತಿದ್ದವಳು, ಒಮ್ಮೆಯೂ ಖಾಲಿ ಕೈಯಲ್ಲಿ ಬಂದವಳಲ್ಲ. ಆವತ್ತು ತಂಬಿಗೆ ಕೆಳಗಿಟ್ಟು, ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದಳು.

"ಸುನಿತಾ, ಅದೇನೋ ಪಟ್ಟಿ ಜಗ್ತೈತಂತೆ, ನೀನು ದಿನಾ ಎಣಿಸ್ತೀಯಂತೆ. ನಮ್ಮನೆಯೋರ್ನ ಇಳ್ಸಬೌದಾ? ನಮ್ಮತ್ತೆ ಬೇಡ್ವೇ ಬೇಡ ಅಂತ ಬಾಗ್ಲಲ್ಲಿ ಕುಂತವ್ಳೆ. ಇವ್ರು ಹೋಗ್ತೀನಿ ಅಂತಾರೆ. ನೀನು ಹೆಂಗೆ ಹೇಳ್ತೀಯ ಹಂಗೆ ಮಾಡ್ತೀನಿ."

ಮಾವ ನಾಲ್ಕು ಮಾರು ದೂರದಲ್ಲಿ ಇಂಜಿನ್ನಿಗೆ ಡೀಸೆಲ್ ಹಾಕುತ್ತಿದ್ದ. ಅವನ ಕಿವಿ ಈ ಕಡೆಯೇ ಇತ್ತು. ನಿನ್ನೆ ಅಷ್ಟು ಗಟ್ಟಿಯಾಗಿ ಹೇಳಿ, ಕೊಬ್ಬರಿ ತಿಂದು, ಇವತ್ತು ಇಲ್ಲ ಅನ್ನುವುದು ಹೇಗೆ?

"ನಿಂತೈತೆ ಕರಿಬಸಕ್ಕ," ಅಂದೆ. "ಕಳ್ಸು."

ಅವಳು ನನ್ನ ಕೈ ಹಿಡಿದು ಅದುಮಿ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಮುತ್ತು ಹೋದರೆ ಹೋಗಲಿ, ಇನ್ನೊಂದು ಸಿಗುತ್ತದೆ.

ಮಾರುತಿ ಮತ್ತು ಪರಮೇಶ ಬಕೆಟ್ಟಿನಲ್ಲಿ ನಿಂತು ಕೆಳಗಿಳಿದರು. ಬೆಳಿಗ್ಗೆ ಏಳು ಬಕೆಟ್ಟು ಕಲ್ಲು ಬಂತು. ಪ್ರತಿ ಸಲವೂ ನನ್ನ ಕಣ್ಣು ಪಟ್ಟಿಯ ಕಡೆಗೇ ಹೋಗುತ್ತಿತ್ತು, ಪ್ರತಿ ಸಲವೂ ಹತ್ತೊಂಬತ್ತೇ. ಎಂಟನೆಯ ಬಕೆಟ್ಟು ಕೆಳಗೆ ತುಂಬುತ್ತಿದ್ದಾಗ ಮಾವ ಇಂಜಿನ್ ಒರೆಸಲು ಬಟ್ಟೆ ಕೇಳಿದ. ಅತ್ತೆಯ ಹಳೇ ಸೀರೆಯೊಂದನ್ನು ಹರಿಯುತ್ತ ಕೂತೆ. ಎರಡು ಕೈಯಲ್ಲಿ ಹಿಡಿದು ಜಗ್ಗಿದರೆ ಪರ್ರೆಂದು ಹರಿಯಿತು. ಅರ್ಧವೂ ಹರಿಯಿತು, ಅದರ ಅರ್ಧವೂ ಹರಿಯಿತು. ಯೋಚನೆ ಎಲ್ಲೋ ಇತ್ತು, ಕೈ ಸುಮ್ಮನೆ ಹರಿಯುತ್ತಲೇ ಹೋಯಿತು. ಕೊನೆಗೆ ಎರಡು ಬೆರಳಷ್ಟು ತುಂಡು ಉಳಿಯಿತು. ಅದನ್ನು ಜಗ್ಗಿದೆ, ಬೆರಳಿಂದ ಜಾರಿತು. ಮತ್ತೆ ಜಗ್ಗಿದೆ, ಮತ್ತೆ ಜಾರಿತು. ಬಟ್ಟೆ ಏನೂ ಗಟ್ಟಿಯಾಗಿರಲಿಲ್ಲ, ಅದೇ ಜೀರ್ಣವಾದ ಸೀರೆ. ಹಿಡಿದು ಹರಿಯಲು ಅದರಲ್ಲಿ ಜಾಗವೇ ಉಳಿದಿರಲಿಲ್ಲ.

ನನ್ನ ಕೈ ಅಲ್ಲೇ ನಿಂತಿತು.

ವಿಭೂತಿಯೂ ಇಷ್ಟೇ. ಉದ್ದ ತುಂಡನ್ನು ಕಬ್ಬಿಣ ಹಿಡಿದು ಜಗ್ಗಬಲ್ಲದು, ಒಡೆಯಬಲ್ಲದು. ತುಂಡು ಚಿಕ್ಕದಾಗುತ್ತ ಆಗುತ್ತ ಒಂದು ಅಳತೆಗೆ ಬಂದರೆ ಕಬ್ಬಿಣಕ್ಕೆ ಅದರ ಮೇಲೆ ಹಿಡಿತ ಸಿಗುವುದಿಲ್ಲ. ಆಮೇಲೆ ಪಟ್ಟಿ ಎಷ್ಟೇ ಉದ್ದವಾಗಲಿ, ಹೊಸ ಬಿರುಕು ಬೀಳುವುದಿಲ್ಲ. ತುಂಡುಗಳು ಒಂದರಿಂದ ಒಂದು ದೂರ ಸರಿಯುತ್ತವೆ, ಅಂಚು ಏಳುತ್ತವೆ, ಉದುರುತ್ತವೆ. ನಾನು ಬಿರುಕು ಎಷ್ಟು ಅಂತ ಎಣಿಸಿದ್ದೆ. ಬಿರುಕು ಎಷ್ಟು ಅಗಲ ಅಂತ ಒಂದು ದಿನವೂ ನೋಡಿರಲಿಲ್ಲ.

ಮೊಬೈಲ್ ತೆಗೆದೆ. ಎಂಟನೆಯ ದಿನ, ಒಂಬತ್ತು, ಹತ್ತು, ಇವತ್ತು. ಎಂಟನೆಯ ದಿನ ಬಿರುಕು ಕೂದಲಿನಷ್ಟು. ಇವತ್ತು ಹೊಲಿಗೆ ದಾರದಷ್ಟು, ಮಧ್ಯೆ ಕಪ್ಪು ಕಬ್ಬಿಣ ಕಾಣುತ್ತಿತ್ತು.

ಎದ್ದು ಮಾವನ ಕಡೆ ಹೊರಟೆ. ನಾಲ್ಕು ಹೆಜ್ಜೆ ಹೋಗಿ ನಿಂತೆ. ಹಾಗೆ ನಿಂತದ್ದಕ್ಕೆ ನನಗೆ ಎಂದೂ ಕ್ಷಮೆ ಇಲ್ಲ. ಆಗಲೇ ಕೂಗಿದ್ದರೆ ಮುಗಿಯುತ್ತಿತ್ತು, ಇಂಜಿನ್ ನಿಂತಿತ್ತು, ಬಕೆಟ್ಟು ಕೆಳಗಿತ್ತು, ಕೂಗಿದರೆ ಕೆಳಗಿನವರಿಗೂ ಕೇಳುತ್ತಿತ್ತು. ಆದರೆ ನನ್ನ ಮನಸ್ಸು ಏನು ಹೇಳಿತು ಗೊತ್ತೇ? ತಪ್ಪಿದ್ದರೆ? ಚಿಂದಿ ಹರಿಯುತ್ತ ಕೂತವಳಿಗೆ ಹೊಳೆದದ್ದನ್ನು ನಂಬಿ ಕೆಲಸ ನಿಲ್ಲಿಸಿ, ಆಮೇಲೆ ಏನೂ ಆಗಿಲ್ಲ ಅಂತಾದರೆ? "ನಿನ್ನೆ ನಿಂತೈತೆ ಅಂದಿ, ಇವತ್ತು ಇಲ್ಲ ಅಂತಿ, ನಿನ್ನ ಮಾತು ಕಟ್ಕಂಡು ಬಾವಿ ತೋಡಾಕಾಗಲ್ಲ" ಅನ್ನುತ್ತಾನೆ ಮಾವ. ಗ್ಯಾರಂಟಿ ಮಾಡಿಕೊಳ್ಳೋಣ, ಆಮೇಲೆ ಹೇಳೋಣ. ಒಂದೇ ಒಂದು ಬಕೆಟ್ಟು.

ಅತ್ತೆಯ ಹಿತ್ತಾಳೆ ಬಟ್ಟಲಲ್ಲಿ ಉಳಿದ ವಿಭೂತಿಗೆ ಗಂಜಿ ಹಾಕಿ ಕಲಸಿದೆ. ಹಳೇ ವಿಭೂತಿಗಿಂತ ಒಂದು ಗೇಣು ಕೆಳಗೆ, ಬರೀ ಕಬ್ಬಿಣದ ಮೇಲೆ, ಮೂರು ಬೆರಳು ಎಳೆದೆ. ಪಟ್ಟಿ ನಿಂತಿದ್ದರೆ ಹೊಸ ವಿಭೂತಿ ಹಾಗೇ ಇರುತ್ತದೆ, ಇನ್ನೂ ಜಗ್ಗುತ್ತಿದ್ದರೆ ಒಡೆಯುತ್ತದೆ. ಮಾರ್ಚಿ ತಿಂಗಳ ಬಿಸಿಲು, ಹತ್ತು ನಿಮಿಷಕ್ಕೆ ಒಣಗಿ ಬೆಳ್ಳಗಾಯಿತು.

"ಅದೇನೇ ನಿಂದು ಹೊಸ ಪೂಜೆ?" ಅಂದಳು ಅತ್ತೆ.

"ಸುಮ್ನಿರ್ರಿ ಅತ್ತೆ ಒಂದು ಗಳಿಗೆ."

ಕೆಳಗಿನಿಂದ ಮಾರುತಿ ಕೂಗಿದ, ಬಕೆಟ್ಟು ತುಂಬಿತು ಅಂತ. ಮಾವ ಇಂಜಿನ್ ಚಾಲೂ ಮಾಡಿದ. ಹಗ್ಗ ಬಿಗಿಯಿತು. ನಾನು ಪಟ್ಟಿಗೆ ಮುಖ ತಾಗುವಷ್ಟು ಹತ್ತಿರ ಕೂತೆ.

ಚಿಟ್.

ಆಮೇಲೆ ಚಿಟ್ ಚಿಟ್ ಚಿಟ್, ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ. ಕಣ್ಣ ಮುಂದೆಯೇ ಒಂದು, ಮೂರು, ಆರು, ಹತ್ತು. ನಾಲ್ಕು ದಿನದಲ್ಲಿ ಆಗಿದ್ದದ್ದು ಒಂದು ಉಸಿರಿನಲ್ಲಿ ಆಯಿತು. ಮೇಲಿನ ಹಳೇ ವಿಭೂತಿ ತುಂಡು ತುಂಡಾಗಿ ನನ್ನ ಮಂಡಿಯ ಮೇಲೆ ಉದುರಿತು. ಪಟ್ಟಿ ಒಂದು ಕಡೆ ನಾಲ್ಕು ಬೆರಳಗಲದಿಂದ ಮೂರು ಬೆರಳಿಗೆ ಸೊರಗಿದ್ದು ನನಗೆ ಆಗ ಕಂಡಿತು.

ಎದ್ದು ಮಾವನ ಕಡೆ ಎರಡೂ ಕೈ ಬೀಸಿದೆ. ಅವನು ನನ್ನ ಮುಖ ನೋಡಿಯೇ ತಿಳಿದುಕೊಂಡ, ಬ್ರೇಕಿಗೆ ಕೈ ಹಾಕಿದ. "ಹಾಕಬೇಡ್ರಿ! ಬ್ರೇಕ್ ಹಾಕಬೇಡ್ರಿ!" ಎಂದು ಚೀರಿದೆ. ಅಷ್ಟು ಭಾರ ಗಕ್ಕನೆ ನಿಂತರೆ ಆ ಎಳೆತಕ್ಕೇ ಪಟ್ಟಿ ಹೋಗುತ್ತದೆ. ಕೈ ತೆಗೆದ. ನಿಲ್ಲಿಸುವಂತಿಲ್ಲ, ಇಳಿಸುವಂತಿಲ್ಲ, ಏರಿಸುವಂತಿಲ್ಲ. ಇಂಜಿನ್ನನ್ನು ಆದಷ್ಟು ಸಣ್ಣ ಮಾಡಿದ, ಬಕೆಟ್ಟು ಅರ್ಧ ಬಾವಿಯಲ್ಲಿ ತೆವಳುತ್ತ ಏಳುತ್ತಿತ್ತು. ಮಾವನ ತುಟಿ ಅಲ್ಲಾಡುತ್ತಿತ್ತು. ಏನು ಹೇಳುತ್ತಿದ್ದನೋ, ಶಿವಾ ಅನ್ನುತ್ತಿದ್ದನೋ, ನನ್ನನ್ನು ಬಯ್ಯುತ್ತಿದ್ದನೋ.

ಅಂಚಿಗೆ ಓಡಿದೆ. ಕೆಳಗೆ ಇಬ್ಬರೂ ನಡು ಬಾವಿಯಲ್ಲಿ ಬಗ್ಗಿ ಮುಂದಿನ ಬಕೆಟ್ಟಿಗೆ ಕಲ್ಲು ಆಯುತ್ತಿದ್ದರು, ಸರಿಯಾಗಿ ಬಕೆಟ್ಟಿನ ಕೆಳಗೆ. "ಗೋಡೆಗೆ ಹೋಗ್ರಿ! ಏನ್ರೀ, ಗೋಡೆಗೆ!" ಗಂಟಲು ಹರಿಯುವ ಹಾಗೆ ಕೂಗಿದೆ. ಇಂಜಿನ್ನಿನ ಸದ್ದು ಆ ಬಾವಿಯೊಳಗೆ ನೂರು ಪಟ್ಟು ಆಗಿ ತಿರುಗುತ್ತದೆ. ಒಬ್ಬನೂ ತಲೆ ಎತ್ತಲಿಲ್ಲ.

ನಮ್ಮ ಮಕ್ಕಳಿಗೆ ನಡೆಯಲು ಕಲಿಸುವ ಮೊದಲು ಒಂದು ಮಾತು ಕಲಿಸುತ್ತೇವೆ. ಬಾವಿಯಲ್ಲಿರುವಾಗ ಮೇಲಿಂದ ಮಣ್ಣು ಉದುರಿತೋ, ತಲೆ ಎತ್ತಬೇಡ, ಯಾಕೆ ಅಂತ ಕೇಳಬೇಡ, ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊ. ಮಣ್ಣಿನ ಹಿಂದೆ ಕಲ್ಲು ಬರುತ್ತದೆ. ಮಾರುತಿಗೆ ನಿದ್ದೆಯಲ್ಲಿ ಮೈ ಮೇಲೆ ಮಣ್ಣು ಹಾಕಿದರೂ ಗೋಡೆ ಹುಡುಕುತ್ತಾನೆ.

ಎರಡೂ ಕೈಯಲ್ಲಿ ಮಣ್ಣು ಬಾಚಿ ಬಾವಿಗೆ ಎಸೆದೆ. ಮತ್ತೆ ಬಾಚಿದೆ, ಮತ್ತೆ ಎಸೆದೆ. ನಮ್ಮಲ್ಲಿ ಸತ್ತವರನ್ನು ಹೂಳುತ್ತೇವೆ, ಗುಂಡಿಗೆ ಹಿಡಿ ಮಣ್ಣು ಹಾಕುವುದು ಹೆಂಡತಿ ಗಂಡನಿಗೆ ಮಾಡುವ ಕೊನೆಯ ಕೆಲಸ. ಅತ್ತೆ ಓಡಿ ಬಂದು ನನ್ನ ಜಡೆಗೆ ಕೈ ಹಾಕಿದಳು. "ಜೀವ ಇರೋನ ಮೇಲೆ ಮಣ್ಣು ಹಾಕ್ತೀಯೇನೇ, ಮುಂಡೆ!" ಅವಳು ಜಗ್ಗುತ್ತಿದ್ದಳು, ನಾನು ಬಾಚಿ ಬಾಚಿ ಎಸೆಯುತ್ತಿದ್ದೆ.

ಮಾರುತಿ ತಲೆ ಎತ್ತದೆ ಗೋಡೆಗೆ ಹಾರಿದ್ದನ್ನು ಕಂಡೆ. ಆಮೇಲೆ ಹಿಂದಿನಿಂದ ಬಂದೂಕು ಹೊಡೆದಂಥ ಸದ್ದು. ಕಂಬ ನಮ್ಮ ಪಕ್ಕದಿಂದಲೇ ಬಾವಿಯೊಳಗೆ ಮುಗ್ಗರಿಸಿತು.

ಮಾವ ಇಂಜಿನ್ ನಿಲ್ಲಿಸಿದ. ಧೂಳು ಬಾವಿಯಿಂದ ಹೊಗೆಯಾಗಿ ಎದ್ದು ಬರುತ್ತಿತ್ತು, ಒಳಗೆ ಏನೂ ಕಾಣುತ್ತಿರಲಿಲ್ಲ. ಅತ್ತೆ ನನ್ನ ಜಡೆ ಬಿಟ್ಟಿರಲಿಲ್ಲ, ಹಾಗೇ ಹಿಡಿದುಕೊಂಡು ಮಗನ ಹೆಸರು ಕೂಗುತ್ತಿದ್ದಳು. ಎಷ್ಟು ಹೊತ್ತೋ. ಕೊನೆಗೆ ಕೆಳಗಿನಿಂದ ಮಾರುತಿಯ ದನಿ ಬಂತು. ಅವ್ವ ಅನ್ನಲಿಲ್ಲ, ಸುನಿತಾ ಅನ್ನಲಿಲ್ಲ. "ಪರಮೇಶಿ, ಪರಮೇಶಿ," ಅಂತಲೇ ಕೂಗುತ್ತಿದ್ದ.

ಊರಿನವರು ಸೇರಿ ನಾರಿನ ಹಗ್ಗ ಇಳಿಬಿಟ್ಟು ಮಾರುತಿಯನ್ನು ಎಳೆದರು. ಬಲಗಾಲಿನ ಪಾದ ಜಜ್ಜಿ ಹೋಗಿತ್ತು. ನೆಲದ ಮೇಲೆ ಮಲಗಿಸಿದಾಗ ಅವನು ನನ್ನನ್ನು ನೋಡಿ ಹೇಳಿದ್ದು ಇಷ್ಟು: "ಅಂಗಿ ಹಿಡದಿದ್ದೆ ಕಣೇ. ಕಣ್ಣಿಗೆ ಮಣ್ಣು ಬಿತ್ತು ಅವನಿಗೆ. ಯಾರ್ರೀ ಅದು ಮಣ್ಣು ಹಾಕೋರು ಅಂತ ಮೇಲೆ ನೋಡಾಕೆ ನಡುವಿಗೇ ಬಂದ. ಅಂಗಿ ಹರಕೊಂಡು ಬಂತು." ಅವನ ಮುಷ್ಟಿಯಲ್ಲಿ ನೀಲಿ ಅಂಗಿಯ ತೋಳಿತ್ತು. ಪರಮೇಶನನ್ನು ಆಮೇಲೆ ತೆಗೆದರು.

ಆಮೇಲಿನದು ನಿಮಗೂ ಗೊತ್ತಿರುವ ದಾರಿಯೇ. ಪೊಲೀಸರು ಬಂದರು, ಕಬ್ಬಿಣ ತುಂಡಾಗಿ ಆದ ಅವಘಡ ಅಂತ ಬರೆದುಕೊಂಡರು. ಹಾಲೇಶಪ್ಪನವರು ಆ ಬಾವಿಯ ಕಡೆ ಮುಖ ಹಾಕಲಿಲ್ಲ. ಮಾರುತಿಯನ್ನು ದಾವಣಗೆರೆ ಆಸ್ಪತ್ರೆಗೆ ಸೇರಿಸಿದೆವು, ಮೂರು ಬೆರಳು ತೆಗೆದರು, ಪಾದ ಉಳಿಯಿತು. ವಾರ್ಡಿನಲ್ಲಿ ನಾನು ಹೆಸರುವಾಸಿ. ಹಿಡಿ ಮಣ್ಣಲ್ಲಿ ಗಂಡನ ಜೀವ ಉಳಿಸಿದವಳು ಇವಳೇ ಅಂತ ನರ್ಸಮ್ಮ ಬೇರೆ ರೋಗಿಗಳಿಗೆ ತೋರಿಸುತ್ತಿದ್ದಳು. ಅತ್ತೆ ನನಗೆ ತಟ್ಟೆ ತುಂಬ ಅನ್ನ ಬಡಿಸತೊಡಗಿದಳು, ಕೇಳದೆಯೇ ತುಪ್ಪ ಹಾಕಿದಳು. ನಾನು ತಟ್ಟೆಯನ್ನು ಮಾರುತಿಯ ಕಡೆ ಸರಿಸುತ್ತಿದ್ದೆ. ಮಾವ ಮಾತ್ರ ನನ್ನ ಕಣ್ಣು ತಪ್ಪಿಸುತ್ತಿದ್ದ. ಅವನಿಗೂ ತನ್ನ ಪಾಲು ಗೊತ್ತಿತ್ತು. ಆದರೆ ಬೆಳಿಗ್ಗೆ ಬೆರಳಿಗೆ ಬಂದ ಆ ಚೂರಿನ ವಿಷಯ ಅವನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಪರಮೇಶ ಹೋದ ಹದಿನಾರನೆಯ ದಿನ ಕತ್ತಲಗೆರೆಯ ಬಸ್ಸು ಹತ್ತಿದೆ. ಯಾಕೆ ಹೋದೆ ಅಂದರೆ ಸಮಾಧಾನ ಹೇಳಲು ಅಂತ ಮಾರುತಿಗೆ ಹೇಳಿದ್ದೆ. ಸುಳ್ಳು. ಅಲ್ಲಿ ಹೋಗದೆ ಬದುಕಲು ಆಗುತ್ತಿರಲಿಲ್ಲ, ಅಷ್ಟೇ.

ಕರಿಬಸಮ್ಮ ಮನೆಯ ಹೊರಗೆ, ದನದ ಕೊಟ್ಟಿಗೆಯ ಪಕ್ಕ ಕೂತಿದ್ದಳು. ಒಳಗಿನಿಂದ ಅವಳ ಅತ್ತೆಯ ದನಿ ಕೇಳುತ್ತಿತ್ತು, ಅಳುವೋ ಬೈಗುಳವೋ ತಿಳಿಯದ ಒಂದೇ ರಾಗ. "ಬೇಡ ಬೇಡ ಅಂದೆ, ಕಳ್ಸಿದ್ಲು. ಕೂಲಿ ಆಸೆಗೆ ಕಳ್ಸಿದ್ಲು. ನನ್ ಮಗನ್ನ ಇವ್ಳೇ ತಿಂದ್ಲು."

"ಹದಿನಾರು ದಿನದಿಂದ ಇದೇ," ಅಂದಳು ಕರಿಬಸಮ್ಮ. "ಊಟಕ್ಕೆ ಒಳಗೆ ಕರಿಯಲ್ಲ."

ನಾನು ಅವಳ ಮುಂದೆ ನೆಲದ ಮೇಲೆ ಕೂತೆ. ಅವಳು ನನ್ನನ್ನೇ ನೋಡುತ್ತಿದ್ದಳು, ಸಿಟ್ಟಿನಿಂದಲ್ಲ, ತೂಗಿ ನೋಡುವವರ ಹಾಗೆ.

"ಒಂದು ಕೇಳ್ತೀನಿ ಸುನಿತಾ. ಆವತ್ತು ಬೆಳಿಗ್ಗೆ ನಿಂತೈತೆ ಅಂದ್ಯಲ್ಲ, ನಿಂತೈತೆ ಅಂತ ನಿಂಗೆ ಅನ್ಸಿತ್ತಾ?"

ಹೌದು ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಎಣಿಸಿದ್ದೆ, ಹತ್ತೊಂಬತ್ತೇ ಇತ್ತು, ನನಗೇನು ಗೊತ್ತು ಅನ್ನಬಹುದಿತ್ತು. ಅದರಲ್ಲಿ ಮುಕ್ಕಾಲು ಪಾಲು ನಿಜವೂ ಆಗಿತ್ತು.

"ಇಲ್ಲ," ಅಂದೆ. "ಬೆಳಿಗ್ಗೆ ಮುಟ್ಟಿ ನೋಡಿದ್ದೆ. ವಿಭೂತಿ ಬೆರಳಿಗೆ ಬಂತು. ಹೆದ್ರಿಕೆ ಆತು. ನಿನ್ನೆ ಒಂದು ಹೇಳಿ ಇವತ್ತು ಒಂದು ಹೇಳಾಕೆ ನಾಚಿಕೆ ಆತು."

"ನಿನ್ ಗಂಡನ್ನೂ ಇಳ್ಸಿದ್ಯಲ್ಲ."

"ಇಳ್ಸಿದೆ."

"ನಿನ್ ಗಂಡ, ನೀನು ಏನಾದ್ರೂ ಮಾಡ್ಕ. ನನ್ ಗಂಡನ್ನ ಇಳ್ಸಾಕೆ ನೀನ್ಯಾರು? ನಾನು ನಿನ್ ಹತ್ರ ಬಂದು ಕೇಳಿದ್ನಲ್ಲೇ. ಕೈ ಹಿಡ್ಕಂಡು ಕೇಳಿದ್ನಲ್ಲೇ!"

ಅವಳು ನನ್ನನ್ನು ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಎದ್ದು ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು, ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

"ಬಾ. ಇದನ್ನ ಒಳಗೆ ಬಂದು ಹೇಳು."

ಒಳಗೆ ನೆಂಟರು ಏಳೆಂಟು ಜನ ಇದ್ದರು. ಒಬ್ಬಳು ನನ್ನನ್ನು ಗುರುತು ಹಿಡಿದು, "ಇವ್ಳೇ ಕಣ್ರೇ, ಗಂಡನ್ನ ಉಳಿಸ್ಕಂಡೋಳು," ಅಂತ ಚಾಪೆ ಸರಿಸಿ ಜಾಗ ಮಾಡಿದಳು. ನಾನು ಕೂರಲಿಲ್ಲ. ಮೂಲೆಯಲ್ಲಿ ಮುದುಕಿ ಗೋಡೆಗೆ ಒರಗಿ ಅದೇ ರಾಗದಲ್ಲಿ ಹೇಳುತ್ತಲೇ ಇದ್ದಳು, ಕಳ್ಸಿದ್ಲು, ಕಳ್ಸಿದ್ಲು. ಹತ್ತಿರ ಹೋಗಿ ಅವಳ ಕಾಲ ಬಳಿ ಮಂಡಿಯೂರಿದೆ. ಅವಳು ಮಾತು ನಿಲ್ಲಿಸಿ ನನ್ನ ಮುಖ ನೋಡಿದಳು.

"ಕಳ್ಸಿದ್ದು ನಿನ್ ಸೊಸೆ ಅಲ್ಲಜ್ಜಿ," ಅಂದೆ. "ನಾನು."